ದೊಡ್ಡಮ್ಮ ಮಾರ್ತಾ ಆದದ್ದು

ನನ್ನ ದೊಡ್ಡಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಹಲ್ಲಿನ ಡಾಕ್ಟರು, ಸೈಕಲ್ ಶಾಪು, ಟೈಲರಿಂಗ್ ಕ್ಲಾಸು, ಪೇಟೆಯ ಉದ್ದಕ್ಕೂ ನೇತಾಡುವುದೆಲ್ಲ ಅವರ ಅಕ್ಷರವೇ. ಚರ್ಚಿಗೆ ಚಿತ್ರ ಬರೆಯಲು ಶುರುಮಾಡಿದ್ದು ಆಕಸ್ಮಿಕ. ಗೇಟಿನ ಮೇಲೆ 'ಇಲ್ಲಿ ಗಾಡಿ ನಿಲ್ಲಿಸಬಾರದು' ಎಂದು ಬರೆಯಲು ಹೋದವರು, ಬಣ್ಣ ಉಳಿಯಿತೆಂದು ಪಕ್ಕದ ಗೋಡೆಯ ಮೇಲೊಂದು ಕುರಿಮರಿ ಬರೆದು ಬಂದರು. ಗಾಡಿಗಳು ಅಲ್ಲೇ ನಿಂತವು, ಆದರೆ ಕುರಿಮರಿ ಫಾದರ್‌ಗೆ ಹಿಡಿಸಿತು. ಅಂದಿನಿಂದ ಬೈಬಲಿನ ಯಾವ ದೃಶ್ಯ ಬೇಕಾದರೂ ಕರೆ ಬರುವುದು ದೊಡ್ಡಪ್ಪನಿಗೇ.

ಅವರಿಗೊಂದು ಹಠವಿದೆ. ಕಣ್ಣಾರೆ ನೋಡದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಹಾಗಾಗಿ ದಾನಿಯೇಲನನ್ನು ಎಸೆದ ಸಿಂಹದ ಗುಹೆಯಲ್ಲಿರುವುದು ನಮ್ಮ ಎದುರುಮನೆಯ ನಾಯಿ. ಕತ್ತಿನ ಸುತ್ತ ಎಷ್ಟು ಕೂದಲು ಬಿಡಿಸಿದರೂ ಅದರ ಮುಖದಲ್ಲಿನ ಬಿಸ್ಕತ್ತಿನ ಆಸೆ ಹೋಗಿಲ್ಲ. ದೇವದೂತರಿಗೆಲ್ಲ ಬಾತುಕೋಳಿಯ ರೆಕ್ಕೆ.

ಬೈಬಲ್ ಬಹಳ ಮಿತಭಾಷಿ ಎನ್ನುವುದು ದೊಡ್ಡಪ್ಪನ ದೂರು. ದೂತ ಬಂದು ಮರಿಯಮ್ಮನಿಗೆ ಯೇಸು ಹುಟ್ಟುವ ಸುದ್ದಿ ಹೇಳಿದ ಎಂದು ಅದು ಬರೆದುಬಿಡುತ್ತದೆ. ಆಗ ಆಕೆ ಏನು ಮಾಡುತ್ತಿದ್ದಳು? ಕೈಗಳೆಲ್ಲಿದ್ದವು? ಅದನ್ನೆಲ್ಲ ಚಿತ್ರ ಬರೆಯುವವನ ತಲೆಗೆ ಕಟ್ಟುತ್ತದೆ. ಹಳೆಯ ದೊಡ್ಡ ದೊಡ್ಡ ಕಲಾವಿದರು ಆಕೆಯ ಕೈಗೆ ಪುಸ್ತಕ ಕೊಟ್ಟಿದ್ದಾರೆ. ದೊಡ್ಡಪ್ಪನೂ ಹಾಗೇ ಬರೆಯಲು ಹೊರಟಾಗ ದೊಡ್ಡಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದರು. "ಬೆಳಗ್ಗೆ ಹೊತ್ತು ಪುಸ್ತಕ ಓದೋಕೆ ಯಾವ ಹೆಂಗಸಿಗೆ ಪುರುಸೊತ್ತಿರುತ್ತೆ?" ಹೀಗಾಗಿ ನಮ್ಮ ಚರ್ಚಿನ ಮರಿಯಮ್ಮ ಒದ್ದೆ ಬಟ್ಟೆ ಹಿಂಡುತ್ತಿದ್ದಾಳೆ. ನೀರು ದೂತನ ಪಾದದ ಮೇಲೆ ಬೀಳುತ್ತಿದೆ.

ಹೋದ ವರ್ಷ ಫಾದರ್ ಚರ್ಚಿನ ಊಟದ ಹಾಲ್‌ಗೆ ದೊಡ್ಡ ಚಿತ್ರವೊಂದನ್ನು ಕೇಳಿದರು. ಯೇಸು ಇಬ್ಬರು ಅಕ್ಕತಂಗಿಯರ ಮನೆಗೆ ಬಂದ ಪ್ರಸಂಗ. ತಂಗಿ ಮರಿಯ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಅಕ್ಕ ಮಾರ್ತಾ ಒಬ್ಬಳೇ ಅಡುಗೆಯಲ್ಲಿ ಹೈರಾಣಾಗಿ, ನನ್ನ ತಂಗಿಗೆ ಸ್ವಲ್ಪ ಹೇಳಬಾರದೆ, ನನಗೆ ನೆರವಾಗಲಿ ಎನ್ನುತ್ತಾಳೆ. ಮಾರ್ತಾ, ನಿನಗೆ ನೂರೆಂಟು ಚಿಂತೆ, ಬೇಕಾದದ್ದು ಒಂದೇ, ಅದನ್ನು ಮರಿಯ ಆರಿಸಿಕೊಂಡಿದ್ದಾಳೆ ಎಂದು ಅವನ ಉತ್ತರ. ಅಷ್ಟೇ ಕಥೆ.

ಮರಿಯಳಾಗಿ ಕೂರಲು ನನ್ನನ್ನು ಆರಿಸಿದರು. ಭಕ್ತಿಗಲ್ಲ, ಕೂತ ಜಾಗದಿಂದ ಏಳದಿರುವ ನನ್ನ ಪ್ರತಿಭೆಗೆ. ಯೇಸುವಾಗಿ ಕೂತವನು ಗಡಿಯಾರ ರಿಪೇರಿಯವನು. ಮುಖ ಶಾಂತವಾಗಿದೆ, ಗಡ್ಡ ಸ್ವಂತದ್ದು. ಅವನು ಹಡಗಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವನಾದ್ದರಿಂದ ಕೂತಲ್ಲೇ ಸಮುದ್ರದ ಕಥೆ ಹೇಳುತ್ತಿದ್ದ. ನಾನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ಮೂರನೆಯ ದಿನ ದೊಡ್ಡಮ್ಮ ಸೌಟು ಹಿಡಿದು ಬಾಗಿಲಿಗೆ ಬಂದರು.

"ರೀ, ಇವಳಿಗೆ ಸ್ವಲ್ಪ ಹೇಳ್ರೀ. ಒಂದು ಗಳಿಗೆ ಬಂದು ಕೈ ಹಾಕಲಿ."

"ಅಲ್ಲಾಡಬೇಡ! ಹಾಗೇ ನಿಂತ್ಕೋ!" ಎಂದು ದೊಡ್ಡಪ್ಪ ಕಿರುಚಿದರು. ದೊಡ್ಡಮ್ಮ ನಿಲ್ಲಲಿಲ್ಲ. ಆದರೆ ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ ಅಷ್ಟರಲ್ಲಾಗಲೇ ದೊಡ್ಡಪ್ಪನ ಕಣ್ಣಿಗೆ ಬಿದ್ದಿದ್ದವು.

ಚಿತ್ರ ಅದ್ಭುತವಾಗಿತ್ತು, ಮಾರ್ತಳಿಗೆ ಅದೇ ಮುಖ. ಚರ್ಚಿನ ಹಾಡು ಕಲಿಯಲು ಮನೆಗೆ ಬಂದ ಹೆಂಗಸರು ನೋಡಿ, "ಅಯ್ಯೋ, ಅಚ್ಚು ಅವರೇ!" ಎಂದು ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ದೊಡ್ಡಮ್ಮ ಹಿಂದೆಯೇ ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ಅವರು ಚಿತ್ರವನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಕೇಳಿದರು.

"ನಲವತ್ತು ವರ್ಷ ನನ್ನ ಮುಖದಲ್ಲಿ ನೀವು ಕಂಡಿದ್ದು ಇಷ್ಟೇನಾ?"

ಆ ಹೊತ್ತಿನಿಂದ ಅವರು ದೊಡ್ಡಪ್ಪನ ಜೊತೆ ಮಾತು ಬಿಟ್ಟರು. ಊಟ ಬಡಿಸುತ್ತಿದ್ದರು, ಬಟ್ಟೆ ಮಡಿಸಿಡುತ್ತಿದ್ದರು, ಮಾತು ಮಾತ್ರ ಇಲ್ಲ. ಆ ಚಿತ್ರ ಇರುವ ಹಾಲ್‌ಗೆ ಕಾಲಿಡುವುದಿಲ್ಲ ಎಂದು ನನ್ನ ಕೈಲಿ ಹೇಳಿ ಕಳಿಸಿದರು. ಭಾನುವಾರ ಬೆಳಗ್ಗೆ ಚಿತ್ರ ಗೋಡೆಗೇರಬೇಕಿತ್ತು, ಮಧ್ಯೆ ಎಂಟು ದಿನವಿತ್ತು. ಬ್ರಷ್ಷನ್ನು ಸೀಮೆಎಣ್ಣೆಯ ಬದಲು ಕುಡಿಯುವ ನೀರಿನಲ್ಲಿ ಅದ್ದುವ ಮಟ್ಟಕ್ಕೆ ದೊಡ್ಡಪ್ಪ ಕಂಗೆಟ್ಟರು.

ಮೊದಲು ಸುಲಭದ ದಾರಿ ಹಿಡಿದರು, ಮಾರ್ತಳಿಗೆ ಒಂದು ನಗು ಬರೆದರು. ಬೋರ್ಡಿನ ಕೈ ಅಲ್ಲವೇ, ಮೂವತ್ತೆರಡು ಹಲ್ಲೂ ಫಳಫಳ ಹೊಳೆದವು. ಸೌಟಿನ ಬದಲು ಟೂತ್‌ಪೇಸ್ಟ್ ಕೊಟ್ಟಿದ್ದರೆ ಸರಿಹೋಗುತ್ತಿತ್ತು. ಅದನ್ನು ಅವರೇ ಒರೆಸಿ ಹಾಕಿ, "ಒಂದು ಅರ್ಧ ಗಂಟೆ ಕೂರ್ತಾಳಾ ಕೇಳು," ಎಂದು ನನ್ನನ್ನು ಒಳಗೆ ಕಳಿಸಿದರು. "ಅರ್ಧ ಗಂಟೆ ನನ್ನ ಹತ್ರ ಯಾವತ್ತಿತ್ತು ಅಂತ ಕೇಳು," ಎಂದು ದೊಡ್ಡಮ್ಮ ವಾಪಸ್ ಕಳಿಸಿದರು. ಇಬ್ಬರ ನಡುವೆ ಓಡಾಡಿ ನನ್ನ ಕಾಲು ಸೋತವು. ಆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಕೊನೆಗೆ ದೊಡ್ಡಪ್ಪ ಒಂದು ಸ್ಟೂಲ್ ಎತ್ತಿಕೊಂಡು ಅಡುಗೆಮನೆಗೇ ಹೋಗಿ ಮೂಲೆಯಲ್ಲಿ ಕೂತರು. ನೀರು ಕುಡಿಯಲು ಬಿಟ್ಟರೆ ಬೇರೆ ಕಾರಣಕ್ಕೆ ಅವರು ಅಲ್ಲಿಗೆ ಹೋಗಿದ್ದನ್ನು ನಾನು ನೋಡಿರಲಿಲ್ಲ. ದೊಡ್ಡಮ್ಮ ಪೊರಕೆಯನ್ನು ಅವರ ಕಾಲಿಗೆ ತಾಗಿಸಿಕೊಂಡೇ ಕಸ ಗುಡಿಸಿದರು. ದೊಡ್ಡಪ್ಪ ಎರಡು ದಿನ ಸುಮ್ಮನೆ ನೋಡಿದರು, ಒಂದು ಗೆರೆಯನ್ನೂ ಎಳೆಯಲಿಲ್ಲ.

ಮೂರನೆಯ ದಿನ ಗಡಿಯಾರದವನು ತನ್ನ ಮರೆತುಹೋದ ಛತ್ರಿ ಕೇಳಲು ಬಂದ. ಬಂದವನು ನನ್ನೊಡನೆ ಮುಂದಿನ ಕೋಣೆಯಲ್ಲಿ ಮಾತಿಗೆ ಕೂತ. ಹಡಗು ಮಂಜಿನಲ್ಲಿ ದಿಕ್ಕು ತಪ್ಪಿದ ಕಥೆ ಶುರುವಾಯಿತು. ಒಳಗೆ ಆದದ್ದನ್ನು ದೊಡ್ಡಪ್ಪ ಆಮೇಲೆ ನನಗೆ ಹೇಳಿದರು. ಕಥೆ ಶುರುವಾಗುತ್ತಲೇ ದೊಡ್ಡಮ್ಮ ಒಲೆಯ ಉರಿ ಸಣ್ಣ ಮಾಡಿದರಂತೆ. ತಿರುವುತ್ತಿದ್ದ ಸೌಟು ನಿಂತಿತು. ನಿಧಾನಕ್ಕೆ ಬಾಗಿಲ ಹತ್ತಿರ ಬಂದು, ಗೋಡೆಗೆ ಭುಜ ಆನಿಸಿ, ತಲೆಯನ್ನು ಸ್ವಲ್ಪ ವಾಲಿಸಿ ನಿಂತರು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ನೀನು ಕೇಳಿಸ್ಕೋತಾ ಇದ್ಯಾ?" ಎಂದರಂತೆ ದೊಡ್ಡಪ್ಪ, ಮೆಲ್ಲಗೆ.

ಮಾತು ಬಿಟ್ಟಿದ್ದು ದೊಡ್ಡಮ್ಮನಿಗೆ ಮರೆತುಹೋಯಿತು. "ಮತ್ತೆ? ಅವತ್ತು ಅವಳನ್ನ ಯಾಕೆ ಕರೆದೆ ಅಂದ್ಕೊಂಡ್ರಿ? ಹೊಟ್ಟೆಕಿಚ್ಚಿಗಾ? ಇಬ್ಬರು ಕೈ ಹಾಕಿದ್ರೆ ಬೇಗ ಮುಗಿಯುತ್ತೆ, ನಾನೂ ಬಂದು ಕೂರಬಹುದು ಅಂತ."

ಇದನ್ನು ಕೇಳಿ ನನಗಂತೂ ನಾಚಿಕೆಯಾಯಿತು. ದೊಡ್ಡಮ್ಮ ಕರೆದ ದಿನ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದ ನಾನು, ಚಿತ್ರದಲ್ಲಿ ಅವರ ಹುಬ್ಬು ನೋಡಿ ನಕ್ಕಿದ್ದೆನಲ್ಲ.

ಶನಿವಾರ ಸಂಜೆ ಫಾದರ್ ಹೊಸ ಚಿತ್ರ ನೋಡಿ ತಲೆ ಕೆರೆದುಕೊಂಡರು. ಮಾರ್ತಾ ಬಾಗಿಲಲ್ಲಿ ಸೌಟು ಹಿಡಿದು, ಕಿವಿಯೆಲ್ಲ ಒಳಗಿಟ್ಟು ನಿಂತಿದ್ದಳು. ಹಿಂದೆ ಪಾತ್ರೆ ಉಕ್ಕುತ್ತಿತ್ತು.

"ಮಾರ್ತಾ ದೂರು ಹೇಳ್ತಾಳಲ್ಲಪ್ಪ? ಇವಳಲ್ಲಿ ಕೋಪವೇ ಇಲ್ಲ."

"ಅವಳು ಏನಂದ್ಲು ಅನ್ನೋದನ್ನ ಬರೆದಿಟ್ಟಿದ್ದಾರೆ ಫಾದರ್. ಯಾವ ಮುಖದಲ್ಲಿ ಅಂದ್ಲು ಅನ್ನೋದನ್ನ ಬರೆದಿಲ್ಲ."

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. ಮರುದಿನ ಓದಬೇಕೆಂದು ಬರೆದುಕೊಂಡಿದ್ದ ಪ್ರವಚನದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿದರು.

ಭಾನುವಾರ ದೊಡ್ಡಮ್ಮ ಬರುತ್ತಾರೋ ಇಲ್ಲವೋ ಎಂದು ದೊಡ್ಡಪ್ಪ ಹಾಲ್‌ನ ಬಾಗಿಲಲ್ಲೇ ನಿಂತಿದ್ದರು. ಅವರು ಬಂದರು. ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ನಮ್ಮ ಒಲೆ ಇಷ್ಟು ಕೊಳಕಿಲ್ಲ," ಎಂದು ಕೆರಳಿದಂತೆ ಹೇಳಿದರು. ಆಮೇಲೆ ದೊಡ್ಡಪ್ಪನತ್ತ ತಿರುಗಿದರು. "ಕೇಳಿಸ್ಕೋತೀನಿ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಕಣೇ," ಎಂದರು ದೊಡ್ಡಪ್ಪ. "ಗೊತ್ತಿರಲಿಲ್ಲ."

ಊಟದ ಗಂಟೆಯಾಯಿತು. ಅಭ್ಯಾಸಬಲದಿಂದ ದೊಡ್ಡಮ್ಮ ಸೌಟಿಗೆ ಕೈ ಹಾಕಿದರು. ಅಷ್ಟರಲ್ಲಿ ದೊಡ್ಡಪ್ಪ ಅದನ್ನು ಕಿತ್ತುಕೊಂಡಿದ್ದರು. ಅರ್ಧ ತಟ್ಟೆಗೆ, ಅರ್ಧ ಮೇಜಿಗೆ ಬಡಿಸುತ್ತಾ ಹೊರಟರು. ನಾನು ಪಾತ್ರೆಗಳ ಕಡೆ ಹೋದೆ. ದೊಡ್ಡಮ್ಮ ಒಂದು ಕ್ಷಣ ಖಾಲಿ ಕೈಯಲ್ಲಿ ನಿಂತು, ಗಡಿಯಾರದವನ ಎದುರಿನ ಕುರ್ಚಿ ಎಳೆದು ಕೂತರು.

"ಆ ಮಂಜಿನ ಕಥೆ ಮೊದಲಿಂದ ಹೇಳಪ್ಪ," ಎಂದರು. "ಕುಕ್ಕರ್ ಸದ್ದಲ್ಲಿ ನನಗೆ ಅರ್ಧ ಕೇಳಿಸಲೇ ಇಲ್ಲ."