ನೂರ ಐವತ್ತಮೂರಕ್ಕೆ ಹೋಗುವ ದಾರಿಗಳು

ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ರಾಜಾಜಿನಗರದ ಹೈಸ್ಕೂಲೊಂದರಲ್ಲಿ ನಿವೃತ್ತಿಯವರೆಗೂ ಗಣಿತ ಹೇಳಿಕೊಟ್ಟವರು. ಲಕ್ವ ಹೊಡೆದ ಮೇಲೆ ಅವರಿಗೆ ಮಾತು ಬೇಗ ಮರಳಿತು, ಬಲಗೈ ಮಾತ್ರ ಮೊಂಡು ಹಿಡಿಯಿತು. ವಿಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಸ್ಪಂಜಿನ ಚೆಂಡು ಹಿಸುಕಿ ಎಂದರೆ ಅವರಿಗೆ ಸಿಟ್ಟು. "ನಾನೇನು ಮಗುನಾ?" ಎಂದು ಎಡಗೈಯಿಂದ ಅದನ್ನು ಆಚೆ ತಳ್ಳಿಬಿಡುತ್ತಿದ್ದರು.

ಒಂದು ಬೆಳಿಗ್ಗೆ ನಮಗೆ ಸಿಕ್ಕ ಟೋಕನ್ 153. ದೊಡ್ಡಮ್ಮ ಅದನ್ನು ನೋಡಿ ಹಳೆಯ ಗೆಳತಿ ಸಿಕ್ಕವರಂತೆ ನಕ್ಕರು.

"ಇದರ ಅಂಕಿಗಳ ಘನ ತಗೊಂಡು ಕೂಡು ನೋಡೋಣ."

ಒಂದರ ಘನ ಒಂದು, ಐದರದು ನೂರ ಇಪ್ಪತ್ತೈದು, ಮೂರರದು ಇಪ್ಪತ್ತೇಳು. ಕೂಡಿದರೆ ಮತ್ತೆ ಅದೇ 153!

"ಅಷ್ಟೇ ಅಲ್ಲ ಕಣೇ. ಮೂರರಿಂದ ಭಾಗ ಆಗೋ ಯಾವ ಸಂಖ್ಯೆನಾದ್ರೂ ತಗೋ. ಬಂದ ಉತ್ತರಕ್ಕೂ ಹೀಗೇ ಮಾಡ್ತಾ ಹೋದ್ರೆ ಕೊನೆಗೆ ಇಲ್ಲಿಗೇ ಬರತ್ತೆ."

ನಂಬಿಕೆ ಬರಲಿಲ್ಲ. ಮೊಬೈಲಿನಲ್ಲಿ ಹನ್ನೆರಡರಿಂದ ಶುರು ಮಾಡಿದೆ. 9, 729, 1080, 513, ಆಮೇಲೆ ನಿಜವಾಗಿಯೂ 153. ನಮ್ಮನ್ನು ಕರೆಯಲು ಬಂದ ಥೆರಪಿಸ್ಟ್ ಹುಡುಗಿಗೂ ಕುತೂಹಲ ಹತ್ತಿತು. ಅವಳು ನಲವತ್ತೇಳು ಹಿಡಿದಳು.

"ಆಂಟಿ, ನಂದು 407ರಲ್ಲೇ ನಿಂತ್ಬಿಡ್ತು, ಮುಂದಕ್ಕೇ ಹೋಗ್ತಿಲ್ಲ."

"ನಲವತ್ತೇಳು ಮೂರರ ಮಗ್ಗೀಲಿ ಬರಲ್ವಲ್ಲಮ್ಮ. ಆರು ತಗೋ."

ಒಳಗೆ ಹೋಗಿ ಮೇಜಿನ ಮುಂದೆ ಕೂತು ಅವಳು ಹಾಳೆಯ ಮೇಲೆ ಬರೆಯತೊಡಗಿದಳು: 216, 225, 141, 66. ಅಲ್ಲಿ ಕೂಡುವುದು ತಪ್ಪಿತು. ದೊಡ್ಡಮ್ಮ ತಡೆಯಲಾರದೆ "ಕೊಡು ಇಲ್ಲಿ" ಎಂದು ಪೆನ್ನು ಕಿತ್ತುಕೊಂಡು ಬರೆದರು. 432, 99, 1458. ಅಂಕಿಗಳು ಸೊಟ್ಟಗೆ ಹಾಳೆಯ ಅಂಚಿಗೆ ಜಾರುತ್ತಿದ್ದವು. ಹುಡುಗಿ ನನ್ನ ಮೊಣಕೈ ತಿವಿದು ಕಣ್ಣಲ್ಲೇ ತೋರಿಸಿದಳು. ಪೆನ್ನು ಇದ್ದದ್ದು ಬಲಗೈಯಲ್ಲಿ. 702, 351, 153. ಬರೆದು ಮುಗಿಸಿದ ಮೇಲೆ ದೊಡ್ಡಮ್ಮ ತಮ್ಮ ಕೈಯನ್ನೇ ನೋಡಿದರು. ಕಣ್ಣು ತುಂಬಿತ್ತು. "ಆರು ಎಷ್ಟು ಚಿಕ್ಕದು, ಎಷ್ಟು ಸುತ್ತತ್ತೆ ನೋಡು" ಎಂದರು, ಅಷ್ಟೇ.

ಅಂದಿನಿಂದ ಚೆಂಡು ಕಪಾಟು ಸೇರಿತು. ಪ್ರತಿ ಸಲವೂ ಹುಡುಗಿ ಒಂದು ದೊಡ್ಡ ಸಂಖ್ಯೆ ಹುಡುಕಿಟ್ಟುಕೊಂಡು ಕಾಯುತ್ತಿದ್ದಳು, ದೊಡ್ಡಮ್ಮ ಬೈದುಕೊಳ್ಳುತ್ತಲೇ ಬರೆಯುತ್ತಿದ್ದರು. ಕೈ ಪೂರ್ತಿ ಸರಿಹೋಗಲಿಲ್ಲ. ತುಂಬಿದ ಚೊಂಬು ಈಗಲೂ ಎತ್ತಲಾರರು. ಆದರೆ ಬರೆಯುತ್ತಾರೆ, ತುತ್ತು ತಾವೇ ಕಲಸಿಕೊಳ್ಳುತ್ತಾರೆ.

ಒಂದು ದಿನ ಆಟೋದಲ್ಲಿ ಮನೆಗೆ ಬರುತ್ತಾ ಆ ಸಂಖ್ಯೆಗಳೆಲ್ಲ 153ಕ್ಕೇ ಬರುವುದೇಕೆ ಎಂದು ಕೇಳಿದೆ. ಅವರು ಬಿಡಿಸಿ ಹೇಳಿದರು: ಘನಗಳನ್ನು ಕೂಡಿದರೂ ಮೂರರಿಂದ ಭಾಗವಾಗುವ ಗುಣ ತಪ್ಪುವುದಿಲ್ಲ, ಎಷ್ಟೇ ದೊಡ್ಡ ಸಂಖ್ಯೆಯಾದರೂ ಕುಗ್ಗುತ್ತಾ ನಾಲ್ಕಂಕಿಯೊಳಗೆ ಬಂದುಬಿಡುತ್ತದೆ, ಅಲ್ಲಿರುವ ಒಂದೊಂದನ್ನೂ ಪರೀಕ್ಷಿಸಿದರೆ ಎಲ್ಲವೂ 153ಕ್ಕೇ ಸೇರುತ್ತವೆ.

"ಅದು ಸರಿ ದೊಡ್ಡಮ್ಮ, ಆದ್ರೆ ಇದೇ ಯಾಕೆ? ಬೇರೆ ಯಾವ್ದೂ ಯಾಕಲ್ಲ?"

ಅವರು ಬಲಗೈ ಬೆರಳಿನಿಂದ ಸೀಟಿನ ಮೇಲೆ 153 ಎಂದು ಗೀಚಿದರು.

"ಗೊತ್ತಿಲ್ಲ ಕಣೇ. ನಂಗೂ ಅದೇ ಆಶ್ಚರ್ಯ."