ಎರಡು ಸಲ ಹಾಡುವವನು

ನಮ್ಮ ಹರಪನಹಳ್ಳಿ ಬ್ಲೂಸ್ ಬ್ಯಾಂಡಿನ ಗಾಯಕನ ಮುಖ ನೆನಪಿನಲ್ಲಿ ನೆಟ್ಟಗೆ ಉಳಿದಿಲ್ಲ. ಹಾಡುವ ಮೊದಲು ಅವನು ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದುದು ಉಳಿದಿದೆ. ಅದೂ ಬೇರೆ ಯಾರದೋ ಇರಬಹುದು.

ಬ್ಲೂಸ್ ಎಂದರೆ ಅಮೆರಿಕದ ಕಡೆಯ ದುಃಖದ ಹಾಡು; ಅದರಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಿಯೇ ಮುಂದಿನದಕ್ಕೆ ಹೋಗಬೇಕು. ಕೊಟ್ಟೂರಿನ ಒಂದು ಆರತಕ್ಷತೆಯಲ್ಲಿ ವಧುವಿನ ತಂದೆ ವೇದಿಕೆಗೇ ಹತ್ತಿ ಬಂದರು.

“ಹಾಡಿದ್ದನ್ನ ಹಾಡ್ತೀಯಲ್ಲೋ, ಮುಂದಿಂದು ಮರ್ತಿಯೇನು? ಸಾಕು, ಇಳೀರಿ.”

ನಾವು ಗಿಟಾರಿನ ವೈರು ಕೀಳತೊಡಗಿದೆವು.

“ತಡೀರಿ ಯಜಮಾನ್ರ,” ಎಂದ ಗಾಯಕ. ಯಾವುದಕ್ಕೂ ಅವನು ಹೇಳುತ್ತಿದ್ದುದು ಅದೇ, ತಡೀರಿ. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಹಾಡಿದ: “ಹೆಂಡ್ತಿ ತವರಿಗೆ ಹೋಗ್ಯಾಳ.” ಅದನ್ನೇ ಇನ್ನೊಮ್ಮೆ ಹಾಡಿ ಸುಮ್ಮನಾದ.

ಯಜಮಾನರು ಕಾದರು.

“ಯಾಕ ಹೋದ್ಳು?”

“ಅದು ಮೂರ್ನೇ ಸಾಲ್ರಿ.”

ಅವರು ಡ್ರಮ್ಮಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು.