ಅಗ್ಗದ ಕೆಂಪು ವೈನು ಮತ್ತು ನಮ್ಮ ಅತ್ತಿಗೆಯ ಮೂಗು

ನಮ್ಮ ಅತ್ತಿಗೆ ದಾಕ್ಷಾಯಿಣಿ ತಿಳಿದೂ ತಿಳಿದೂ ಒಂದು ತೊಟ್ಟು ಮದ್ಯ ಬಾಯಿಗೆ ಹಾಕಿದವಳಲ್ಲ. ಆದರೂ ಅಗ್ಗದ ಕೆಂಪು ವೈನುಗಳಲ್ಲಿ ಯಾವುದು ಸರಿ, ಯಾವುದು ಬರೀ ಬಣ್ಣದ ನೀರು ಎಂದು ಅವಳಷ್ಟು ಖಚಿತವಾಗಿ ಹೇಳುವವರು ಹೊಸದುರ್ಗದಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ. ನನ್ನ ಗಂಡ ಕೊಟ್ರೇಶ್ ಎಷ್ಟು ಬಾಟಲಿ ಖಾಲಿ ಮಾಡಿದರೂ ಅವಳ ಹತ್ತಿರಕ್ಕೂ ಬರಲಾರರು. ಇದನ್ನು ಅವರ ಎದುರಿಗೇ ಹೇಳುತ್ತೇನೆ. ಅವರೂ ಹೌದು ಅನ್ನುತ್ತಾರೆ, ಬೇರೆ ದಾರಿಯಿಲ್ಲ.

ಅತ್ತಿಗೆ ಹೊಳಲ್ಕೆರೆ ಕಡೆಯವಳು. ನಮ್ಮಣ್ಣ ಮುರುಗಪ್ಪನ ಕೈಹಿಡಿದು ಬಂದ ಹೊಸದರಲ್ಲಿ ಒಂದು ದಿನ ನಮ್ಮಮ್ಮ ಅಡುಗೆಮನೆಯಲ್ಲಿ ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಪಡಸಾಲೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಹೊಸ ಸೊಸೆ ಇದ್ದಕ್ಕಿದ್ದಂತೆ "ಅತ್ತೇ, ಇಳಿಸ್ರಿ!" ಎಂದು ಕೂಗಿಬಿಟ್ಟಳು. ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬಾಣಲೆಯೊಳಗೆ ನೋಡಿದರೆ ಬೀಜ ಹದಕ್ಕೆ ಬಂದು ನಿಂತಿತ್ತು, ಇನ್ನೊಂದು ಸಲ ಕೈಯಾಡಿಸಿದ್ದರೆ ಸೀಯುತ್ತಿತ್ತು. ಅಮ್ಮ ಸಿಟ್ಟು ನುಂಗಿಕೊಂಡು ಅಂದಿನಿಂದ ಸೊಸೆಯನ್ನು ಕರೆಯದೆ ಏನನ್ನೂ ಹುರಿಯಲಿಲ್ಲ. ನನಗೂ ಅವಳಿಗೂ ಆವತ್ತಿನಿಂದಲೇ ಸಲಿಗೆ. ಬಹುವಚನ ಹಚ್ಚಿದರೆ "ಯಾಕೆ, ಜಗಳ ಆಡ್ಬೇಕಾ?" ಅನ್ನುತ್ತಾಳೆ.

ನಮ್ಮ ಬಳಗದಲ್ಲಿ ಮದುವೆಗೆ ಮುಂಚೆ ಒಂದು ದಿನ ಪುಡಿ ಹುರಿಯುವ ಕೆಲಸ ಇರುತ್ತದೆ. ಹಿತ್ತಲಲ್ಲಿ ದೊಡ್ಡ ಬಾಣಲೆ, ಸುತ್ತಲೂ ಹೆಂಗಸರು. ಕೆಲವರು ಸೌದೆ ಒಟ್ಟುತ್ತಾರೆ, ಕೆಲವರು ಕೈಯಾಡಿಸುತ್ತಾರೆ. ಒಬ್ಬಳು ಮಾತ್ರ ಏನೂ ಮಾಡದೆ ಒಲೆಯ ಪಕ್ಕ ಕೂತು ವಾಸನೆ ನೋಡುತ್ತಿರುತ್ತಾಳೆ. ಅವಳು ಕೈ ಎತ್ತಿದರೆ ಬಾಣಲೆ ಇಳಿಯಬೇಕು, ಎರಡನೇ ಮಾತಿಲ್ಲ. ಆ ಜಾಗ ಕೇಳಿ ಪಡೆಯುವುದಲ್ಲ, ಜನ ಕರೆದು ಕೂರಿಸುವುದು. ಹೊಸದುರ್ಗದಿಂದ ಚಿತ್ರದುರ್ಗದವರೆಗೂ ನೆಂಟರ ಮನೆಗಳಲ್ಲಿ ಅತ್ತಿಗೆಯನ್ನು ಕರೆದು ಕೂರಿಸುತ್ತಿದ್ದರು. ಅವಳಿಗೆ ಒಡವೆ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಆ ಒಲೆ ಪಕ್ಕದ ಮಣೆಯೊಂದೇ ಅವಳ ಹೆಮ್ಮೆ.

ಕೊರೊನಾ ಎರಡನೇ ಸಲ ಬಂದಾಗ ಆ ಹೆಮ್ಮೆಯೂ ಹೋಯಿತು. ಜ್ವರ ಎಲ್ಲರಿಗೂ ಬಂತು, ಎಲ್ಲರ ಮೂಗೂ ಕೆಟ್ಟಿತು, ಎಲ್ಲರದೂ ಸರಿಹೋಯಿತು. ಅತ್ತಿಗೆಯದು ಮಾತ್ರ ಸರಿಹೋಗಲಿಲ್ಲ. ಚಿತ್ರದುರ್ಗದ ಡಾಕ್ಟರು ದಿನಾ ನಿಂಬೆಹಣ್ಣು, ಲವಂಗ ಮೂಸಿ ನೋಡಿ, ತಾಳ್ಮೆಯಿಂದಿರಿ ಅಂದರು. ಮೂಸಿದಳು. ವರ್ಷಗಳೇ ಉರುಳಿದವು. ಲವಂಗವೂ ಒಂದೇ, ಸುಣ್ಣದ ಗೋಡೆಯೂ ಒಂದೇ. ಹೊಳಲ್ಕೆರೆಯಲ್ಲಿ ಅವಳ ತವರಿನ ಕಡೆಯ ಒಂದು ಮದುವೆಗೆ, ಬಣ್ಣ ನೋಡಿಯೇ ಹೇಳಿಬಿಡುತ್ತೇನೆ ಎಂದು ಧೈರ್ಯ ಮಾಡಿ ಹೋಗಿ ಕೂತಳು. ಪುಡಿ ಹಸಿಹಸಿಯಾಗಿಯೇ ಉಳಿಯಿತು. ಮುಂದಿನ ಮದುವೆಗೆ ಬೇರೆಯವರನ್ನು ಕರೆದರು, ಅಷ್ಟೆ. ಆಮೇಲೆ ಅತ್ತಿಗೆ ಅಡುಗೆಮನೆಗೆ ಹೋಗುವುದೂ ಕಡಿಮೆಯಾಯಿತು. "ಕುರ್ಡಿ ಆಗಿದ್ರೂ ಕೋಲು ಹಿಡ್ಕಂಡು ಓಡಾಡ್ಬೌದಿತ್ತು ಯಶೋಧಾ, ಇದಕ್ಕೆ ಕೋಲೇ ಇಲ್ಲ" ಎಂದು ಒಮ್ಮೆ ಅತ್ತಳು. ನಾನೂ ಅತ್ತೆ. ಇನ್ನೇನು ಮಾಡಲಿ?

ಈಗ ನನ್ನ ಗಂಡನ ವಿಷಯಕ್ಕೆ ಬರುತ್ತೇನೆ. ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಈ ಮನುಷ್ಯನಿಗೆ ಎದೆಯಲ್ಲಿ ಸ್ವಲ್ಪ ತೊಂದರೆ ಕಾಣಿಸಿಕೊಂಡಿತ್ತು. ಡಾಕ್ಟರು ದಿನಾ ನಡೆಯಿರಿ ಅಂದರು. ಯಾರೋ ಗಿರಾಕಿ, ಕೆಂಪು ವೈನು ಎದೆಗೆ ಒಳ್ಳೆಯದು ಅಂದ. ಇಬ್ಬರಲ್ಲಿ ಇವರು ಗಿರಾಕಿಯ ಮಾತನ್ನು ನಂಬಿದರು. ಹೊಸದುರ್ಗದಲ್ಲಿ ಕೊಂಡರೆ ಗುರುತಿನವರು ನೋಡುತ್ತಾರೆಂದು ಹಿರಿಯೂರಿನ ತನಕ ಹೋಗಿ, ಅಲ್ಲಿನ ಹೆದ್ದಾರಿಯ ಅಂಗಡಿಯಿಂದ ಒಂದೊಂದು ಸಲ ಒಂದೊಂದು ತರದ್ದು ತರುವರು. ದುಬಾರಿಯದಕ್ಕೆ ಕೈ ಹಾಕುವವರಲ್ಲ. ಭಾನುವಾರ ಮಧ್ಯಾಹ್ನ ಕದ ಹಾಕಿಕೊಂಡು ಚಹಾ ಕುಡಿಯುವ ಗಾಜಿನ ಲೋಟಕ್ಕೆ ಬಗ್ಗಿಸಿ, ಮೊಬೈಲಿನಲ್ಲಿ ನೋಡಿದಂತೆ ಗರಗರ ತಿರುಗಿಸಿ, ಒಂದು ಗುಟುಕು ಕುಡಿದು, ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಎಂದು ಮಾರ್ಕು ಕೊಡುವರು. ಹತ್ತಕ್ಕೆ ಐದು ಬಂದದ್ದನ್ನೂ ಚೆಲ್ಲಿದ್ದು ನಾನಂತೂ ನೋಡಿಲ್ಲ.

ನಮ್ಮದು ಲಿಂಗ ಕಟ್ಟಿದ ಮನೆ, ಮಠದವರು ಬಂದುಹೋಗುವ ಮನೆ. ವೈನಿನ ಬಾಟಲಿ ಕಣ್ಣಿಗೆ ಬಿದ್ದರೆ ಮಾನ ಮೂರು ಕಾಸಿಗೆ ಹರಾಜು. ಅದಕ್ಕೇ ಇವರು ಉಳಿದ ವೈನನ್ನು ದ್ರಾಕ್ಷಾರಿಷ್ಟದ ಖಾಲಿ ಬಾಟಲಿಗೆ ತುಂಬಿ ಅಡುಗೆಮನೆಯ ಕಪಾಟಿನಲ್ಲಿ ಇಡುತ್ತಿದ್ದರು. ಆಯುರ್ವೇದದ ಟಾನಿಕ್ಕು, ಅದರ ಬಣ್ಣವೂ ಕೆಂಪೇ. ಯಾರಿಗೆ ಅನುಮಾನ ಬರಬೇಕು?

ನಿಶ್ಶಕ್ತಿಗೆಂದು ಅತ್ತಿಗೆ ದಿನಾ ಕುಡಿಯುತ್ತಿದ್ದದ್ದು ಅದೇ ದ್ರಾಕ್ಷಾರಿಷ್ಟ. ಒಂದು ದಿನ ಅವಳ ಮನೆಯಲ್ಲಿ ಮುಗಿದಿತ್ತು. ನಮ್ಮ ಮನೆ ಹಿಂದಿನ ಬೀದಿಯಲ್ಲೇ. ಬಂದಳು, ತನ್ನ ಮನೆಯ ಕಪಾಟಿನಂತೆಯೇ ನನ್ನ ಕಪಾಟು ತೆರೆದಳು, ಲೋಟಕ್ಕೆ ಬಗ್ಗಿಸಿಕೊಂಡಳು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅತ್ತಿಗೆ ಎದೆಯ ಮೇಲಿನ ಲಿಂಗಕ್ಕೆ ತೋರಿಸದೆ ನೀರನ್ನೂ ಬಾಯಿಗೆ ಹಾಕುವವಳಲ್ಲ. ಇದನ್ನೂ ತೋರಿಸಿದಳು, ಕಣ್ಣಿಗೊತ್ತಿಕೊಂಡಳು, ಕುಡಿದಳು.

"ಯಶೋಧಾ, ನೇರಳೆ ಹಣ್ಣು ತಂದಿದೀಯೇನೇ?" ಎಂದು ಒಳಗಿನಿಂದ ಕೂಗಿದಳು.

ಅದು ನೇರಳೆಯ ಕಾಲವಲ್ಲ. "ಇಲ್ವಲ್ಲ, ಯಾಕೆ?" ಅಂದೆ.

"ಹುಳಿ ಬಂದ ನೇರಳೆ ವಾಸನೆ ಬರ್ತೈತೆ" ಅಂದಳು. ಆಮೇಲೆ ಅವಳಿಗೇ ತಾನು ಏನು ಹೇಳಿದೆನೆಂದು ಗೊತ್ತಾಯಿತು. ನಾನು ಒಳಗೆ ಓಡಿದೆ. ಅತ್ತಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು ಧಾರಾಕಾರ. ಅವಳ ಪಕ್ಕದಲ್ಲಿದ್ದದ್ದು ಇವರು ವೈನು ತುಂಬಿಟ್ಟ ಬಾಟಲಿ!

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ನಿಜ ಕೇಳಿ ಅತ್ತಿಗೆ ಲೋಟ ಕೆಳಗಿಟ್ಟಳು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ, ಮತ್ತೆ ಪೂಜೆ ಮಾಡಿ, ಆವತ್ತೆಲ್ಲ ಉಪವಾಸ ಕೂತಳು. ಇವರು ಅವಳ ಮನೆಗೆ ಹೋಗಿ "ಅಕ್ಕ, ತಪ್ಪಾತು" ಎಂದು ಕೈಮುಗಿದು ನಿಂತರೆ ಮುಖ ಎತ್ತಿ ನೋಡಲಿಲ್ಲ. ನಮ್ಮ ಸಂಬಂಧ ಇಲ್ಲಿಗೆ ಮುಗಿಯಿತು ಎಂದೇ ನಾನು ಅಂದುಕೊಂಡೆ.

ಮುಂದಿನ ಭಾನುವಾರ ತಾನಾಗಿಯೇ ಬಂದಳು. "ಗೊತ್ತಿಲ್ದೆ ಲಿಂಗಕ್ಕೆ ತೋರಿಸಿದ್ದನ್ನ ದೇವ್ರು ನೋಡ್ಕಂತಾನೆ. ಗೊತ್ತಿದ್ದು ತೋರ್ಸಲ್ಲ. ಅವನಿಗೆ ತೋರಿಸ್ದೆ ಇರೋದು ನನ್ನ ಬಾಯಿಗೂ ಬ್ಯಾಡ. ಆದ್ರೆ ಮೂಸಕ್ಕೆ ಏನೈತೆ? ಬೀದೀಲಿ ಹೋಗ್ತಾ ಎಲ್ಲಾನೂ ಮೂಗಿಗೆ ಬೀಳ್ತೈತೆ. ಕೊಟ್ರೇಶಪ್ಪ, ತಗಂಬಾ ಲೋಟ" ಅಂದಳು.

ಅಂದಿನಿಂದ ಶುರುವಾಯಿತು. ಬಾಯಿ ಇವರದು, ಮೂಗು ಅವಳದು. ಇವರು ಲೋಟಕ್ಕೆ ಬಗ್ಗಿಸಿ ಮೇಲೊಂದು ತಟ್ಟೆ ಮುಚ್ಚಿ ಇಡುವರು. ಅತ್ತಿಗೆ ಕಣ್ಣುಮುಚ್ಚಿ, ತಟ್ಟೆ ಸರಿಸಿ, ಮೂಗು ಒಡ್ಡುವಳು. ಹತ್ತಕ್ಕೆ ಇಷ್ಟು ಅನ್ನುವ ಲೆಕ್ಕ ಅವಳಿಗೆ ಹಿಡಿಸಲಿಲ್ಲ. ಬಾಣಲೆಯ ಮಾತೇ ಅವಳ ಮಾರ್ಕು. ಹಸಿ, ಹದ, ಸೀದೈತೆ. ಮೊದಮೊದಲು ಎಲ್ಲದರಲ್ಲೂ ನೇರಳೆಯೊಂದೇ ಸಿಗುತ್ತಿತ್ತು. ಆಮೇಲೆ ಒಂದರಲ್ಲಿ ಬೆಲ್ಲದ ಪಾಕ ಸಿಕ್ಕಿತು. ಇನ್ನೊಂದರಲ್ಲಿ ಹಳೇ ಮರದ ಪೆಟ್ಟಿಗೆ. ಮತ್ತೊಂದರಲ್ಲಿ ಕರಿಮೆಣಸು. ಮೆಣಸು ಅಂದವಳೇ ಎದ್ದು ಹೋಗಿ ನನ್ನ ಮೆಣಸಿನ ಡಬ್ಬಿ ತಂದು ಮೂಸಿದಳು. ಇಲ್ಲ. ಮತ್ತೆ ವೈನು ಮೂಸಿದಳು, ಮತ್ತೆ ಡಬ್ಬಿ. ಹೀಗೆ ಎಷ್ಟು ಭಾನುವಾರ ಕೂತಳೋ ನನಗೆ ನೆನಪಿಲ್ಲ. ಒಂದು ದಿನ ಡಬ್ಬಿಯೊಳಗಿಂದಲೂ ಮೆಣಸಿನ ವಾಸನೆ ಬಂತು, ಹಿಂದೆಯೇ ಸೀನು. ಸೀನು ಬಂದದ್ದಕ್ಕೆ ಮನೆಮಂದಿ ಅಷ್ಟು ಖುಷಿಪಟ್ಟಿದ್ದು ಬೇರೆಲ್ಲೂ ಇರಲಾರದು. ಕಳೆದುಹೋದ ಮಕ್ಕಳಲ್ಲಿ ಒಂದು ಸಿಕ್ಕಿ, ಅದು ಇನ್ನೊಂದನ್ನು ಕೈಹಿಡಿದು ಕರೆತಂದ ಹಾಗೆ ವಾಸನೆಗಳು ಒಂದೊಂದಾಗಿ ಬಂದವು.

ನನಗೆ ಅನುಮಾನ ಜಾಸ್ತಿ. ಇವಳು ಆಸೆಗೆ ಹೇಳುತ್ತಿದ್ದಾಳೋ, ನಿಜವಾಗಿ ಸಿಗುತ್ತಿದೆಯೋ ನೋಡೋಣ ಎಂದು ಒಮ್ಮೆ ಒಂದೇ ಬಾಟಲಿಯಿಂದ ಎರಡು ಲೋಟಕ್ಕೆ ಬಗ್ಗಿಸಿ ಬೇರೆ ಬೇರೆ ಎಂದು ಕೊಟ್ಟೆ. ಕಣ್ಣು ತೆರೆಯದೆಯೇ "ಎರಡೂ ಒಂದೇ ಕಣೇ. ನನ್ನತ್ರ ಆಟ ಆಡ್ತೀಯೇನೇ?" ಅಂದಳು. ಇನ್ನೊಮ್ಮೆ ಇವರು ಹತ್ತಕ್ಕೆ ಎಂಟು ಕೊಟ್ಟು ಹೊಗಳುತ್ತಿದ್ದುದನ್ನು ಮೂಸಿ "ಇದು ಹಳಸೈತೆ, ಚೆಲ್ಲು" ಅಂದಳು. ಇವರು ಪೆಚ್ಚುಮೋರೆ ಹಾಕಿಕೊಂಡು ಇನ್ನೊಂದು ಗುಟುಕು ಕುಡಿದು ನೋಡಿ, ಹೌದು, ಹೋದ ತಿಂಗಳು ತೆರೆದದ್ದು ಎಂದು ಒಪ್ಪಿಕೊಂಡರು. ಎದುರಿಗೆ ಕೂತವಳು ದಿನಾ ನೋಡುವ ನನ್ನ ಅತ್ತಿಗೆಯೇ, ಆದರೂ ಅವಳೊಳಗೆ ನಡೆಯುತ್ತಿದ್ದದ್ದು ನನಗೆ ಎಟುಕದ ಸಂಗತಿ.

ಅವಳು ಇದನ್ನು ಅಣ್ಣನಿಗೂ ಮುಚ್ಚಿಡಲಿಲ್ಲ. "ಕುಡುದ್ಯಾ?" ಎಂದು ಕೇಳಿದನಂತೆ. "ಮೂಸಿದೆ" ಅಂದಳಂತೆ. ಅವನು ಅಷ್ಟಕ್ಕೇ ಸಮಾಧಾನವಾಗಿ, ಟವೆಲು ಹೆಗಲಿಗೆ ಹಾಕಿಕೊಂಡು ಎಂದಿನಂತೆ ಮಠಕ್ಕೆಂದು ಸಿರಿಗೆರೆ ಬಸ್ಸು ಹತ್ತಿದನಂತೆ. ನಮ್ಮಣ್ಣ ಮಾತಿಗೆ ಬಡವ.

ಕೊತ್ತಂಬರಿ ಬಂತು, ಜೀರಿಗೆ ಬಂತು. ಮೆಂತ್ಯ ಮಾತ್ರ ಬರಲಿಲ್ಲ. ಪುಡಿಯಲ್ಲಿ ಎಲ್ಲಕ್ಕಿಂತ ಕಷ್ಟ ಅದೇ. ಹದ ಬರುವುದಕ್ಕೂ ಸೀಯುವುದಕ್ಕೂ ಒಂದೇ ಉಸಿರಿನಷ್ಟು ದೂರ, ಸೀದರೆ ಇಡೀ ಪುಡಿ ಕಹಿ. ಅಷ್ಟರಲ್ಲಿ ಶ್ರೀರಾಂಪುರದ ದ್ಯಾಮಮ್ಮನವರ ಮನೆಯಲ್ಲಿ ಮೊಮ್ಮಗಳ ಮದುವೆ ಗೊತ್ತಾಯಿತು. ದ್ಯಾಮಮ್ಮ ನಮ್ಮ ಬಳಗಕ್ಕೇ ಹಿರಿಯರು, ಮಠದ ಭಕ್ತರು. ಅವರು ಒಂದು ಮಾತು ಹೇಳಿದರೆ ನಾಲ್ಕು ತಾಲ್ಲೂಕಿನ ನೆಂಟರಲ್ಲಿ ಅದೇ ಕಡೆಯ ಮಾತು. ನಾನು ಬಾಯಿ ತಡೆಯಲಾರದೆ ಅತ್ತಿಗೆಯ ಮೂಗು ಬಂದಿದೆ ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಅವರು ಕರೆದರು.

"ಮೆಂತ್ಯಕ್ಕೆ ಏನ್ಮಾಡ್ಲೇ?" ಎಂದು ಬಸ್ಸಿನಲ್ಲಿ ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಇವತ್ತು ಕೆಟ್ಟರೆ ಆ ಮಣೆಯ ಮೇಲೆ ಇನ್ನು ಯಾರೂ ಕೂರಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶ್ರೀರಾಂಪುರದ ಹಿತ್ತಲಲ್ಲಿ "ಬರ್ರಿ, ಕುಂತ್ಕಳ್ರಿ" ಎಂದು ದ್ಯಾಮಮ್ಮನವರೇ ಮಣೆ ಹಾಕಿದರು. ಕೊತ್ತಂಬರಿ ಬಾಣಲೆಗೆ ಬಿತ್ತು. ಅತ್ತಿಗೆ ಕಣ್ಣುಮುಚ್ಚಿದಳು. ಹೆಂಗಸರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಕೈ ಎದ್ದಿತು, ಬಾಣಲೆ ಇಳಿಯಿತು. ದ್ಯಾಮಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಜೀರಿಗೆಯೂ ಹಾಗೇ ಆಯಿತು. ಮೆಂತ್ಯ ಒಲೆಗೇರಿದಾಗ ದ್ಯಾಮಮ್ಮನವರು ಪಕ್ಕಕ್ಕೆ ಬಂದು ನಿಂತು ಕೇಳಿದರು.

"ಅದೇನು ಔಷ್ದಿ ಮಾಡಿದ್ರಿ ದಾಕ್ಷಾಯಿಣಿ? ನನ್ನ ತಂಗಿಗೂ ಕೊರೊನಾ ಬಂದಾಗ್ಲಿಂದ ಮೂಗೇ ಇಲ್ಲ."

ನಾನು ಹಿಂದಿನಿಂದ ಅತ್ತಿಗೆಯನ್ನು ಚಿವುಟಿದೆ. "ಆಯುರ್ವೇದ ಕಣ್ರಿ, ದ್ರಾಕ್ಷಿದು" ಎಂದು ನಾನೇ ಬಾಯಿ ಹಾಕಿದೆ.

"ಸುಳ್ಳು ಹೇಳಬ್ಯಾಡ ಯಶೋಧಾ" ಅಂದಳು ಅತ್ತಿಗೆ. ಕೂತಲ್ಲಿಂದಲೇ ದ್ಯಾಮಮ್ಮನವರ ಮುಖ ನೋಡಿದಳು. "ವೈನು ಮೂಸಿದೆ ಕಣ್ರಿ. ಅಂಗಡೀಲಿ ಸಿಗೋ ಕೆಂಪು ವೈನು. ಮೊದಲ್ನೇ ಸಲ ಗೊತ್ತಿಲ್ದೆ ಕುಡಿದೂ ಬಿಟ್ಟೆ, ಲಿಂಗಕ್ಕೂ ತೋರಿಸಿಬಿಟ್ಟೆ. ಆಮೇಲೆ ಬರೀ ಮೂಸಿದ್ದು. ನನ್ನ ಕೈ ಪುಡಿ ಬ್ಯಾಡ ಅನ್ನಂಗಿದ್ರೆ ಹೇಳ್ರಿ, ಎದ್ದು ಹೋಗ್ತೀನಿ."

ಹೀಗೆ ಹೇಳುವ ಧೈರ್ಯ ನನಗೆ ಏಳು ಜನ್ಮಕ್ಕೂ ಬರುವುದಿಲ್ಲ. ದ್ಯಾಮಮ್ಮನವರ ಮುಖದಲ್ಲಿ ಏನೂ ಕಾಣಿಸಲಿಲ್ಲ. ಕೈಯಾಡಿಸುತ್ತಿದ್ದ ಇಬ್ಬರೂ ಸಟ್ಟುಗ ಹಿಡಿದು ಹಾಗೇ ನಿಂತಿದ್ದರು. ಒಲೆ ಮಾತ್ರ ಉರಿಯುತ್ತಿತ್ತು.

ಆಗ ಅತ್ತಿಗೆಯ ಕೈ ಮೇಲೆದ್ದಿತು.

ಅವಳ ಮುಖ ನೋಡಿ ನನಗೆ ಗೊತ್ತಾಯಿತು. ಮೆಂತ್ಯ ಬಂದಿತ್ತು. ಅವಳು ತನ್ನ ಕೈಯನ್ನೇ ಬೆರಗಾಗಿ ನೋಡುತ್ತಿದ್ದಳು. ಆದರೆ ಬಾಣಲೆ ಹಿಡಿಯಬೇಕಾದ ಹೆಂಗಸರು ಅಲುಗಲಿಲ್ಲ, ಹಿರಿಯರ ಬಾಯಿ ನೋಡುತ್ತಿದ್ದರು. ಇನ್ನೊಂದು ಉಸಿರು ತಡವಾದರೆ ಎಲ್ಲ ಕಹಿಯಾಗುತ್ತಿತ್ತು.

"ಕೈ ಎತ್ತಿದ್ದು ಕಾಣ್ಲಿಲ್ವೇನ್ರೇ? ಇಳಿಸ್ರಿ!" ಎಂದು ದ್ಯಾಮಮ್ಮ ಗುಡುಗಿದರು.

ಬಾಣಲೆ ಇಳಿಯಿತು. ದ್ಯಾಮಮ್ಮ ಒಂದು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಇನ್ನೊಂದು ಮಣೆ ತರಿಸಿ ಅತ್ತಿಗೆಯ ಪಕ್ಕದಲ್ಲಿ ಹಾಕಿಕೊಂಡು ಕೂತರು.

"ಈಗ ಹೇಳು. ಯಾವ ವೈನು?"

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದುಬಾರಿದು ಬ್ಯಾಡ್ರಿ, ಅಗ್ಗದ್ದರಾಗೇ ಒಳ್ಳೇವು ಅವೆ. ತೀರಾ ಸಿಹಿ ಇರಾದು ತಗಬ್ಯಾಡ್ರಿ, ಅದು ಹಸಿ, ಅದರಾಗೆ ಬೆಲ್ಲ ಬಿಟ್ರೆ ಏನೂ ಇಲ್ಲ. ಮೆಣಸಿನ ವಾಸನೆ ಇರಾದು ಒಂದೈತೆ, ಅದು ಸರಿಯಾದ ಹದ..." ಎಂದು ಶುರು ಮಾಡಿದಳು. ಹಿತ್ತಲಲ್ಲಿದ್ದ ಅಷ್ಟೂ ಹೆಂಗಸರು ಕೈಕೆಲಸ ಬಿಟ್ಟು ಹತ್ತಿರ ಸರಿದು ಕೂತು ಕೇಳಿಸಿಕೊಂಡರು.